ಲಾಗಿದೆ

ಸ್ಟಾಫ್ ರೂಮಿನ ಬೀರು ಬರಿದು ಮಾಡುವಾಗ
ಅಟೆಂಡರ್ ಆಂಜಿನಪ್ಪ ಕೇಳಿದ:
ಕೆಂಪು ಪೆನ್ನು ಏಳಿದಾವೆ ಮೇಡಂ, ಕಟ್ಟಲಾ?
ಬೇಡಪ್ಪ, ಅಲ್ಲಿ ಹಸಿರು ಕೊಡ್ತಾರಂತೆ.
ನಗಲಿಲ್ಲ ಅವನು. ಇಪ್ಪತ್ತಾರು ವರ್ಷ
ನನ್ನ ಬ್ಯೂರೆಟ್ಟು ತೊಳೆದ ಕೈಯಿಂದ
ಪೆನ್ನುಗಳನ್ನು ತನ್ನ ಜೇಬಿಗೆ ಇಳಿಸಿಕೊಂಡ.

ಬೀಳ್ಕೊಡುಗೆಯಲ್ಲಿ ಪ್ರಾಂಶುಪಾಲರು
ರಸಾಯನಶಾಸ್ತ್ರದ ಮುನಿರತ್ನಮ್ಮನವರು
ಇನ್ನು ಅಂತರ್ಜಲ ನಿರ್ದೇಶಕರು, ಕಾಲೇಜಿಗೆ ಕಿರೀಟ, ಎಂದರು.
ಕೊನೆಯ ಸಾಲಿನಲ್ಲಿ ಯಾರೋ
ಯಾರ ಕಡೆಯವಳಂತೆ, ಎಂದರು.
ಮೈಕು ಕೆಟ್ಟಿದ್ದರಿಂದ
ಎರಡನೆಯದೇ ಚೆನ್ನಾಗಿ ಕೇಳಿಸಿತು.

ವಾಪಸಂದ್ರದ ನಮ್ಮ ಗಲ್ಲಿಗೆ ಸರ್ಕಾರಿ ಕಾರು ಬಂದ ಬೆಳಿಗ್ಗೆ
ನಾನು ಮುಂದಿನ ಬಾಗಿಲು ತೆಗೆದೆ.
ಮೇಡಂ, ತಾವು ಹಿಂದೆ, ಅಂದ ಚಾಲಕ
ತಪ್ಪು ತನ್ನದೇ ಎಂಬಂತೆ.
ಗುಲಾಬಿ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೊರಟವರು
ನಿಂತು ದಾರಿ ಬಿಟ್ಟರು. ಅದಕ್ಕೂ ಕಸಿವಿಸಿ.
ಅಂದಿನಿಂದ ರಸ್ತೆಯನ್ನು
ಇನ್ನೊಬ್ಬರ ತಲೆಯ ಪಕ್ಕದಿಂದ ನೋಡುತ್ತೇನೆ.

ತರಗತಿಯಲ್ಲಿ ಪ್ರಶ್ನೆ ಎಸೆದರೆ
ತಪ್ಪು ಉತ್ತರವಾದರೂ ಪುಟಿದು ಬರುತ್ತಿತ್ತು.
ಇಲ್ಲಿ ಉದ್ದ ಮೇಜಿನಾಚೆ ಹದಿನಾಲ್ಕು ತಲೆ
ಒಟ್ಟಿಗೇ ತೂಗುತ್ತವೆ,
ನಾನಿನ್ನೂ ಕೇಳಿ ಮುಗಿಸುವ ಮುನ್ನ.

ರಾತ್ರಿ, ಊಟದ ಮೇಜಿನ ಮೇಲೆ ಕಡತಗಳ ಗಂಟು.
ದಾರ ಬಿಚ್ಚಿದರೆ ಒಳಗೆ
ಯಾರೂ ಏನೂ ಮಾಡಿಲ್ಲ, ಎಲ್ಲ ಆಗಿದೆ:
ಪರಿಶೀಲಿಸಲಾಗಿದೆ. ಮಂಡಿಸಲಾಗಿದೆ. ತಡೆಹಿಡಿಯಲಾಗಿದೆ.
ಗುಡಿಬಂಡೆ ಶಾಲೆಯ ಪಾಪಕ್ಕ ಟೀಚರು
ಬೆತ್ತದ ತುದಿಯಿಂದ ಕ್ರಿಯಾಪದ ತಟ್ಟಿ
ಯಾರು, ಯಾರು ಅಂತ ಕೇಳೇ ಅದನ್ನ,
ಕರ್ತೃ ಸಿಗ್ತಾನೆ, ಅನ್ನುತ್ತಿದ್ದರು.
ಕೇಳಿದೆ.
ಹೊರಗೆ ಬೀದಿನಾಯಿ ಬೊಗಳಿತು, ಅಷ್ಟೆ.

ಮೂರನೇ ವಾರ, ಗಂಟಿನ ತಳದಲ್ಲಿ, ಒಂದು ಪತ್ರ.
ಸಹಿ ಪರಿಚಿತ. ನನ್ನದು.
ಹನ್ನೊಂದು ವರ್ಷದ ಹಿಂದೆ, ಬಾಗೇಪಲ್ಲಿ ಕಡೆಯ
ನಲವತ್ತೊಂದು ಕೊಳವೆಬಾವಿ, ಫ್ಲೋರೈಡಿನ ಪಟ್ಟಿ.
ಅಂಚಿನಲ್ಲಿ ಬೇರೆ ಬೇರೆ ಕೈಯ ಹಸಿರು:
ಚರ್ಚಿಸಿ. ಚರ್ಚಿಸಲಾಗಿದೆ.
ಮಾಹಿತಿಗಾಗಿ. ಕಡತ ಮುಕ್ತಾಯಗೊಳಿಸಲಾಗಿದೆ.

ಸಿಟ್ಟು ಬಂತು, ನಿಜ. ಸಿಟ್ಟಿನಲ್ಲೇ ಪತ್ರ ಓದಿದೆ:
‘ಮಾದರಿಗಳನ್ನು ಸಂಗ್ರಹಿಸಲಾಯಿತು.
ಪರೀಕ್ಷೆಗೆ ಒಳಪಡಿಸಲಾಯಿತು.’
ನಾನೇ. ನನ್ನ ಕೈಯೇ.
ಗುಲಾಬಿ ದ್ರಾವಣ ಹಳದಿಗೆ ತಿರುಗಿದ್ದನ್ನು
ಕಣ್ಣಾರೆ ಕಂಡವಳು ಅದರಲ್ಲಿ ಎಲ್ಲೂ ಇಲ್ಲ.
ಕೊಡ ಕೆಳಗಿಟ್ಟು, ಈ ನೀಳ್ಳು ತಾಗೊಚ್ಚಾ ತಲ್ಲೀ
ಎಂದು ಕೇಳಿದ ಗಂಗುಲಮ್ಮ ಇಲ್ಲ.
ನಕ್ಕರೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದ
ಅವಳ ಮೊಮ್ಮಗ ಇಲ್ಲ,
ಅವನ ಹಲ್ಲಿನ ಕಂದು ಗೆರೆ ಇಲ್ಲ.
ಕುಡಿಯಬಹುದೋ ಬಾರದೋ, ಒಂದೇ ಮಾತು.
ವರದಿ ಬರಲಿ ಅಜ್ಜಿ, ಎಂದಿದ್ದೆ.

ಪೆನ್ನು ತೆರೆದೆ. ‘ಪುನಃ ತೆರೆಯಲಾಗಿದೆ’ ಎಂದು ಬರೆದು
ಹೊಡೆದು ಹಾಕಿ, ಕೆಳಗೆ:
ಈ ಕಡತವನ್ನು ನಾನು ತೆರೆಯುತ್ತಿದ್ದೇನೆ.
ಸೋಮವಾರ ನಾನು ಬಾಗೇಪಲ್ಲಿಗೆ ಹೋಗುತ್ತೇನೆ.
ಎರಡು ‘ನಾನು’. ಹೆಚ್ಚಾಯಿತು ಅನ್ನಿ.
ಕ್ರಿಯಾಪದದ ಬಾಲದಲ್ಲೇ ಇದ್ದೆನಲ್ಲ;
ಆದರೂ ಇರಲಿ, ಎರಡೂ ಕಡೆ.

ಹಾಗೆ ಬರೆಯೋ ಪದ್ಧತಿ ಇಲ್ಲ ಮೇಡಂ,
ಎಂದರು ಉಪನಿರ್ದೇಶಕರು,
ಮಗುವಿನ ಶೂ ಲೇಸು ಕಟ್ಟುವಷ್ಟು ಮೆತ್ತಗೆ.
ಶುಕ್ರವಾರ ಕಡತ ಮರಳಿತು:
ಮಾನ್ಯ ನಿರ್ದೇಶಕರ ಟಿಪ್ಪಣಿಯನ್ನು ಗಮನಿಸಲಾಗಿದೆ.

ಕಾಲೇಜಿಗೆ ಫೋನು ಮಾಡಿದೆ.
ಆಂಜಿನಪ್ಪ, ಆ ಪೆನ್ನುಗಳು?
ಲ್ಯಾಬಿನ ಡ್ರಾಯರ್ ಎಳೆದ ಸದ್ದು.
ಕಾಗದದ ಮೇಲೆ ಗೀಚಿದ ಸದ್ದು, ಒಂದೊಂದಾಗಿ.
ಮೂರು ಒಣಗವೆ ಮೇಡಂ.
ನಾಕು ಬರೀತವೆ.